ಭಾಷೆ ಬಾರದ ಊರು

ನ್ಯೂಜೆರ್ಸಿಯಲ್ಲಿರುವ ದೊಡ್ಡಪ್ಪನ ಮಗ ಒಂದು ಭಾನುವಾರ ಫೋನ್ ಮಾಡಿ, "ಅಣ್ಣಾ, ಸಾಕಾಗಿ ಹೋಯ್ತು. ಹಳ್ಳಿಗೆ ಹೋಗಿ ಇದ್ದುಬಿಡೋಣ ಅಂತ ತೀರ್ಮಾನ ಮಾಡಿದ್ದೀನಿ" ಎಂದ. ನಾನು ಕೂತಿದ್ದ ಕುರ್ಚಿಯಿಂದ ಎದ್ದೇಬಿಟ್ಟೆ. ಶಿರಸಿ ಸೀಮೆಯ ಆ ಹಳೇ ಮನೆಯಲ್ಲಿ ದೊಡ್ಡಮ್ಮ ಒಬ್ಬಳೇ ಇರಲು ಶುರುಮಾಡಿ ಒಂಬತ್ತು ವರ್ಷವಾಯಿತು. ಜೊತೆಗೆ ಒಂದು ಬೆಕ್ಕಿದೆ, ಸಂಜೆ ಹೊತ್ತಿಗೆ ಟೀವಿ ಇದೆ. "ಒಳ್ಳೇ ಕೆಲಸ ಮಾಡಿದೆ ಮಾರಾಯ! ದೊಡ್ಡಮ್ಮಂಗೆ ಹೇಳಿದ್ಯಾ? ಯಾವಾಗ ಬರ್ತೀಯ?" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಆ ಹಳ್ಳಿ ಅಲ್ಲಣ್ಣ. ಇಟಲಿಯ ಸಿಸಿಲಿ."

ಆಮೇಲೆ ವಾಟ್ಸಾಪಿನಲ್ಲಿ ಫೋಟೋಗಳು ಬಂದವು. ಗುಡ್ಡದ ನೆತ್ತಿಯ ಒಂದು ಊರು. (ಹೆಸರು ಬೇಡ, ಆ ಊರಿನವರು ನನಗೇನೂ ಕೇಡು ಮಾಡಿಲ್ಲ.) ಮೂರಂತಸ್ತಿನ ಕಲ್ಲಿನ ಮನೆ. ಮೇಲಿನ ಅಂತಸ್ತಿನಲ್ಲಿ ಮಾಡು ಇರಬೇಕಾದ ಜಾಗದಲ್ಲಿ ಆಕಾಶವಿತ್ತು. ಅಡುಗೆಮನೆಯ ಮೂಲೆಯಲ್ಲಿ ನೆಲವನ್ನು ಸೀಳಿಕೊಂಡು ಅಂಜೂರದ ಗಿಡವೊಂದು ಎದ್ದಿತ್ತು. ಆ ಫೋಟೋದ ಕೆಳಗೆ ನಮ್ಮ ಹುಡುಗ, "ಎಷ್ಟು ಆತ್ಮೀಯವಾಗಿದೆ ನೋಡು, ಪ್ರಕೃತಿಯೇ ಮನೆಯೊಳಗೆ ಬಂದಿದೆ" ಎಂದು ಬರೆದಿದ್ದ. ಎರಡು ವರ್ಷದ ಹಿಂದೆ ನಮ್ಮೂರ ಮನೆಯ ಬಚ್ಚಲಗೋಡೆಯ ಬಿರುಕಿನಲ್ಲಿ ಅಶ್ವತ್ಥದ ಸಸಿ ಹುಟ್ಟಿದ್ದನ್ನು ಇದೇ ಮನುಷ್ಯ ವಿಡಿಯೋ ಕಾಲಿನಲ್ಲಿ ನೋಡಿ, "ಮನೆ ಹಾಳುಬಿತ್ತು ಕಣಣ್ಣ, ಬಂದಷ್ಟಕ್ಕೆ ಕೊಟ್ಟುಬಿಡೋಣ" ಎಂದಿದ್ದ. ಸಸ್ಯಶಾಸ್ತ್ರದ ಪ್ರಕಾರ ಅಂಜೂರವೂ ಅಶ್ವತ್ಥವೂ ಒಂದೇ ಕುಲದವು, ದಾಯಾದಿಗಳು. ಒಂದು ಆತ್ಮೀಯ, ಇನ್ನೊಂದು ಹಾಳುಬಿದ್ದ ಲಕ್ಷಣ. ಎಲ್ಲಿ ಹುಟ್ಟಬೇಕು ಅನ್ನುವ ತಿಳಿವಳಿಕೆ ಗಿಡಕ್ಕೂ ಬೇಕು.

"ಎಷ್ಟು ಕೊಟ್ಟೆ?" ಎಂದು ಕೇಳಿದೆ.

"ಒಂದು ಯೂರೋ."

ನೂರು ರೂಪಾಯಿ ಆಸುಪಾಸು. ಬೆಂಗಳೂರಿನ ಕೆಲವು ಮಾಲುಗಳಲ್ಲಿ ಕಾರು ನಿಲ್ಲಿಸಲು ಇದಕ್ಕಿಂತ ಹೆಚ್ಚು ಕೊಡಬೇಕು.

ಈ ಒಂದು ಯೂರೋ ಕತೆ ಹೊಸದೇನಲ್ಲ. 2008ರಲ್ಲಿ ಸಿಸಿಲಿಯ ಸಲೇಮಿ ಎಂಬ ಊರಿಗೆ ವಿತ್ತೋರಿಯೊ ಸ್ಗಾರ್ಬಿ ಎಂಬ ಕಲಾವಿಮರ್ಶಕ ಮೇಯರ್ ಆದ. 1968ರ ಭೂಕಂಪದಲ್ಲಿ ಕುಸಿದು ಪಾಳುಬಿದ್ದ ಮನೆಗಳನ್ನು ಒಂದೊಂದು ಯೂರೋಗೆ ಕೊಡುತ್ತೇನೆ ಎಂದು ಘೋಷಿಸಿದ. ಪಾಳುಗೋಡೆಯಲ್ಲಿ ಸೌಂದರ್ಯ ಕಾಣಲು ಕಲಾವಿಮರ್ಶಕನೇ ಬೇಕು, ಇಂಜಿನಿಯರಿಂದ ಆಗುವ ಕೆಲಸವಲ್ಲ. ಆಮೇಲೆ ಊರೂರೂ ಇದನ್ನೇ ಹಿಡಿದವು. 2019ರಲ್ಲಿ ಸಂಬೂಕಾ ದಿ ಸಿಸಿಲಿಯಾ ಹದಿನಾರು ಮನೆಗಳನ್ನು ಒಂದು ಯೂರೋದಿಂದ ಹರಾಜು ಕೂಗಿತು. ಸುದ್ದಿ ಅಮೆರಿಕದ ಟೀವಿ ತಲುಪಿತು, ಊರಿನ ಕಚೇರಿಗೆ ಪತ್ರಗಳ ಪ್ರವಾಹ ಹರಿಯಿತು. ಒಂದರಿಂದ ಶುರುವಾದ ಕೂಗು ಕೆಲವು ಮನೆಗಳಿಗೆ 25,000 ಯೂರೋವರೆಗೂ ಏರಿತು. 2021ರ ಕಂತಿಗೆ ಅದೇ ಊರು ಬೆಲೆಯನ್ನು ಎರಡು ಯೂರೋ ಮಾಡಿತು, 2024ರಲ್ಲಿ ಮೂರು. ಐದು ವರ್ಷದಲ್ಲಿ ಮೂರು ಪಟ್ಟು! ನಮ್ಮ ದೇವನಹಳ್ಳಿಯ ಸೈಟು ದಲ್ಲಾಳಿಗಳು ಇದನ್ನು ಕೇಳಿದರೆ ಮರುದಿನವೇ ಸಂಬೂಕಾದಲ್ಲಿ ಬೋರ್ಡು ನೆಡುತ್ತಾರೆ.

ಒಂದು ಯೂರೋಗೆ ಬರುವುದು ಮನೆಯಲ್ಲ, ಮನೆ ಕಟ್ಟುವ ಕರ್ತವ್ಯ. ಸಾಮಾನ್ಯವಾಗಿ ಐದು ಸಾವಿರ ಯೂರೋ ಠೇವಣಿ ಇಡಬೇಕು. ಮೂರು ವರ್ಷದೊಳಗೆ ದುರಸ್ತಿ ಮುಗಿಯದಿದ್ದರೆ ಠೇವಣಿ ಊರಿಗೆ ಸೇರುತ್ತದೆ. ನೋಟರಿಯ ಫೀಸು ಬೇರೆ, ನಕ್ಷೆ ಮಾಡುವವನ ಫೀಸು ಬೇರೆ. ದುರಸ್ತಿಗೆ ಎಷ್ಟಾಗುತ್ತದೆ ಎಂದು ಕೇಳಬಾರದು. ಮದುವೆ ಮಾಡಿದವರನ್ನು ಖರ್ಚು ಎಷ್ಟಾಯಿತು ಎಂದು ಕೇಳಿದ ಹಾಗೆ, ನಿಜವಾದ ಲೆಕ್ಕ ಅವರಿಗೂ ಗೊತ್ತಿರುವುದಿಲ್ಲ. ನಮ್ಮ ಹುಡುಗ ಅಂದಾಜು 30,000 ಯೂರೋ ಎಂದ. ಅಂದಾಜು ಹಾಕಿದ್ದು ಅಂಜೂರದ ಬೇರು ಎಲ್ಲಿವರೆಗೆ ಹೋಗಿದೆ ಎಂದು ಅಗೆದು ನೋಡುವ ಮೊದಲು.

ಇದಕ್ಕೆಲ್ಲ ತಲೆಬಾಗಿ ಮನೆ ಎಬ್ಬಿಸಿದರೂ ಅದರಲ್ಲಿ ವಾಸ ಮಾಡುವ ಹಕ್ಕು ಬರುವುದಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಇದ್ದವನು 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಅಂದರೆ ಸ್ವಂತ ಮನೆಯಲ್ಲಿ ಸ್ವಂತ ಖರ್ಚಿನಲ್ಲಿ ಅತಿಥಿ. ಕಾಯಂ ಇರಬೇಕಾದರೆ ಬೇರೆ ವೀಸಾ ಇದೆ. ಅದಕ್ಕೆ ಕೆಲಸ ಮಾಡದೆ ವರ್ಷಕ್ಕೆ ಸುಮಾರು 31,000 ಯೂರೋ ಆದಾಯ ತೋರಿಸಬೇಕು. ಕೆಲಸ ಮಾಡಬಾರದು, ದುಡ್ಡು ಬರುತ್ತಿರಬೇಕು. ಹಳ್ಳಿಯಲ್ಲಿ ಬದುಕಲು ಇಂಥ ಯೋಗ್ಯತೆ ಬೇಕು ಎಂದು ನಮ್ಮೂರಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. ಅವರೆಲ್ಲ ಇದಕ್ಕೆ ಸರಿ ಉಲ್ಟಾ ಇದ್ದಾರೆ.

"ಅಷ್ಟೊಂದು ಹಳ್ಳಿ ಬೇಕಿದ್ರೆ ಇಲ್ಲೇ ಬರಬಹುದಿತ್ತಲ್ಲೋ" ಎಂದೆ. ಉತ್ತರ ರೆಡಿ ಇತ್ತು. "ಓಸಿಐ ಕಾರ್ಡಿನವರು ಇಂಡಿಯಾದಲ್ಲಿ ಕೃಷಿ ಜಮೀನು ಕೊಳ್ಳೋ ಹಾಗಿಲ್ಲ ಅಣ್ಣಾ, ಕಾನೂನು." ಕಾನೂನು ನಿಜ. ಆದರೆ ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಲು ಅದೇ ಕಾನೂನಿನಲ್ಲಿ ಅಡ್ಡಿಯಿಲ್ಲ. ಅವನಿಗೆ ಬರುವ ಎರಡೂಕಾಲು ಎಕರೆ ಅಡಿಕೆ ತೋಟವನ್ನು ಕೊಳ್ಳುವ ಪ್ರಮೇಯವೇ ಇಲ್ಲ, ಎಲೆಚುಕ್ಕಿ ರೋಗದ ಸಮೇತ ಪುಕ್ಕಟೆ. ಒಂದು ಯೂರೋಗಿಂತ ಒಂದು ಯೂರೋ ಕಡಿಮೆ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ನಾನೇನು ಮಹಾ ಸಾಚಾ ಅಲ್ಲ, ಊರಿಂದ ನಾನೂರು ಕಿಲೋಮೀಟರ್ ದೂರದ ಫ್ಲಾಟಿನಲ್ಲಿ ಕೂತು ಹಳ್ಳಿಯ ಬಗ್ಗೆ ಬರೆದು ಸಂಭಾವನೆ ಪಡೆಯುವವನು.

ಅವನು ಒಂದು ಎಕ್ಸೆಲ್ ಶೀಟು ಕಳಿಸಿದ. ಹಳ್ಳಿಗೆ ಹೋಗಲು ಕಾರಣಗಳು. ಶುದ್ಧ ಗಾಳಿ, ಮೌನ, ನಿಧಾನದ ಬದುಕು, ತಾಜಾ ಊಟ, ಜನರ ಒಡನಾಟ. ಒಂದೊಂದಕ್ಕೂ ಹತ್ತರಲ್ಲಿ ಅಂಕ ಕೊಟ್ಟಿದ್ದ.

ಗಾಳಿ, ಊಟದ ಬಗ್ಗೆ ನನ್ನ ತಕರಾರಿಲ್ಲ. ಆಲಿವ್ ಎಣ್ಣೆಯಲ್ಲಿ ಅದ್ದಿದ ಬ್ರೆಡ್ಡನ್ನು ಬಿಟ್ಟು ಅಪ್ಪೆಹುಳಿಗೆ ಓಡಿ ಬಾ ಎನ್ನಲು ನಾನು ಯಾರು? ಆದರೆ ಮೌನಕ್ಕೆ ಹತ್ತಕ್ಕೆ ಹತ್ತು ಕೊಟ್ಟಿದ್ದ ನೋಡಿ, ಅಲ್ಲಿ ನನಗೆ ಮೋರಿಸ್ ನೆನಪಾದ.

ಮೋರಿಸ್ ಒಂದು ಹುಂಜ. ಫ್ರಾನ್ಸಿನ ಪಶ್ಚಿಮ ಕರಾವಳಿಯ ಒಲೆರಾನ್ ದ್ವೀಪದಲ್ಲಿತ್ತು. ಪಕ್ಕದಲ್ಲಿ ರಜೆಮನೆ ಮಾಡಿಕೊಂಡಿದ್ದ ನಿವೃತ್ತ ದಂಪತಿ, ಈ ಹುಂಜ ಬೆಳಗಿನ ಜಾವ ಕೂಗುತ್ತದೆ ಎಂದು ದಾವೆ ಹೂಡಿದರು. ಹುಂಜ ಬೇರೆ ಯಾವಾಗ ಕೂಗಬೇಕಿತ್ತು, ಊಟವಾದ ಮೇಲೆಯೇ? 2019ರ ಸೆಪ್ಟೆಂಬರಿನಲ್ಲಿ ರೋಶ್‌ಫೋರ್ ಪಟ್ಟಣದ ಕೋರ್ಟು ಹುಂಜದ ಪರವಾಗಿ ತೀರ್ಪು ಕೊಟ್ಟಿತು. ದೂರು ಕೊಟ್ಟವರೇ ಹುಂಜದ ಒಡತಿಗೆ ಸಾವಿರ ಯೂರೋ ಪರಿಹಾರ ಕಟ್ಟಬೇಕಾಯಿತು. ಅದರ ಹಿಂದಿನ ವರ್ಷ ದಕ್ಷಿಣದ ಲ ಬೊಸ್ಸೆ ಎಂಬ ಊರಿಗೆ ಬಂದ ಪ್ರವಾಸಿಗರು ಜೀರುಂಡೆಗಳ ಗಲಾಟೆ ತಡೆಯಲಾಗದೆ ಮೇಯರನ ಬಳಿ ಹೋಗಿ, ಔಷಧಿ ಹೊಡೆಸಿ ಇವನ್ನು ಸುಮ್ಮನಾಗಿಸಿ ಎಂದು ಕೇಳಿದ್ದರು. ಕಡೆಗೆ 2021ರ ಜನವರಿಯಲ್ಲಿ ಫ್ರಾನ್ಸಿನ ಸಂಸತ್ತು ಹಳ್ಳಿಯ ಸದ್ದುಗಳೂ ವಾಸನೆಗಳೂ ದೇಶದ ಪರಂಪರೆ ಎಂದು ಕಾನೂನನ್ನೇ ಮಾಡಬೇಕಾಯಿತು. ಅಂದರೆ ಕೋಳಿಯ ಕೂಗಿಗೂ ಕೊಟ್ಟಿಗೆಯ ಗೊಬ್ಬರದ ವಾಸನೆಗೂ ಈಗ ಅಲ್ಲಿ ಹಳೇ ಇಗರ್ಜಿಗಿರುವ ಹಾಗೆ ಮರ್ಯಾದೆ. ಪಾಪ ಮೋರಿಸ್ ಅದನ್ನು ನೋಡಲಿಲ್ಲ, 2020ರಲ್ಲೇ ತೀರಿಕೊಂಡಿತ್ತು.

ಪೇಟೆಯವನಿಗೆ ಬೇಕಾದ ಹಳ್ಳಿ ಕ್ಯಾಲೆಂಡರಿನದು. ಅದರಲ್ಲಿ ಹುಂಜ ಇರಬೇಕು, ಬಾಯಿ ಮುಚ್ಚಿಕೊಂಡಿರಬೇಕು. ಹಸು ಇರಬೇಕು, ಸಗಣಿ ಹಾಕಬಾರದು. ಮಳೆ ಬರಬೇಕು, ಉಂಬಳ ಹತ್ತಬಾರದು.

ನಿಧಾನದ ಬದುಕಿಗೂ ಅವನು ಒಂಬತ್ತು ಅಂಕ ಕೊಟ್ಟಿದ್ದ. ಗಾರೆಯವನಿಗಾಗಿ ಕಾಯುತ್ತ ಮೊದಲ ಎರಡು ತಿಂಗಳು ಕಳೆದ ಮೇಲೆ ಅದು ನಾಲ್ಕಕ್ಕೆ ಇಳಿಯಿತು. ಅಲ್ಲಿಯ ಗಾರೆಯವನು "ದೊಮಾನಿ" ಎನ್ನುತ್ತಾನಂತೆ. ಹಾಗೆಂದರೆ ನಾಳೆ. ಅಡಿಕೆ ಕೊಯ್ಯುವ ನಮ್ಮ ಕೊನೆಗೌಡ "ನಾಳೆ ಬತ್ತೆ" ಎಂದಾಗ ಇದೇ ಹುಡುಗ, "ಈ ದೇಶ ಉದ್ಧಾರ ಆಗೋದಿಲ್ಲ" ಎನ್ನುತ್ತಿದ್ದ. ದೊಮಾನಿಯಲ್ಲಿ ಮಾತ್ರ ಅವನಿಗೆ ಮೊದಮೊದಲು ಮೆಡಿಟರೇನಿಯನ್ ಜೀವನದರ್ಶನ ಕಂಡಿತ್ತು.

ಈ ದರ್ಶನವನ್ನು ಪುಸ್ತಕ ಮಾಡಿ ಮಾರಬಹುದು ಎಂದು ತೋರಿಸಿಕೊಟ್ಟವನು ಪೀಟರ್ ಮೇಲ್. ಜಾಹೀರಾತಿನ ಕಸುಬು ಬಿಟ್ಟ ಇಂಗ್ಲಿಷಿನವನು, ಹೆಂಡತಿಯೊಡನೆ ಫ್ರಾನ್ಸಿನ ಮೆನೆರ್ಬ್ ಎಂಬ ಹಳ್ಳಿಯಲ್ಲಿ ಹಳೇ ಕಲ್ಲಿನ ಮನೆ ಕೊಂಡ. ಬಾರದ ಗಾರೆಯವರ, ಒಡೆದ ಪೈಪುಗಳ, ಬಿಡದೆ ಬೀಸುವ ಗಾಳಿಯ ಕತೆಗಳನ್ನು ಹೊಸೆದು 1989ರಲ್ಲಿ 'ಎ ಇಯರ್ ಇನ್ ಪ್ರೊವಾನ್ಸ್' ಪ್ರಕಟಿಸಿದ. ಪುಸ್ತಕ ಲಕ್ಷಗಟ್ಟಲೆ ಹೋಯಿತು. ಓದಿದವರು ಸುಮ್ಮನಿರುತ್ತಾರೆಯೇ? ಬಸ್ಸು ಮಾಡಿಕೊಂಡು ಬಂದರು. ಗೇಟಿನ ಹತ್ತಿರ ನಿಂತರು, ಒಳಗೂ ಬಂದರು. ಗದ್ದಲದಿಂದ ತಪ್ಪಿಸಿಕೊಳ್ಳಲು ಹಳ್ಳಿಗೆ ಹೋದ ಮನುಷ್ಯ, ಹಳ್ಳಿಯ ಗದ್ದಲದಿಂದ ತಪ್ಪಿಸಿಕೊಳ್ಳಲು ಕೆಲವು ವರ್ಷ ಅಮೆರಿಕದ ಲಾಂಗ್ ಐಲೆಂಡಿಗೆ ಓಡಬೇಕಾಯಿತು. ಆಮೇಲೆ ಮರಳಿ ಬಂದ, ಆದರೆ ಬೆಟ್ಟದ ಆ ಕಡೆಯ ಬೇರೆ ಊರಿಗೆ. ಮೌನದ ಬಗ್ಗೆ ಬರೆದು ಮೌನವನ್ನು ಮುಗಿಸಿದ್ದರಲ್ಲಿ ಅವನನ್ನು ಮೀರಿಸಿದವರಿಲ್ಲ.

ಅವನ ಹಾಗೆಯೇ ಫ್ರಾನ್ಸಿಗೆ ಹೊರಟ ಇಂಗ್ಲಿಷರು ದೊರ್ದೋನ್ಯ್ ಎಂಬ ಸೀಮೆಯಲ್ಲಿ ಎಷ್ಟು ತುಂಬಿದರೆಂದರೆ ಅದಕ್ಕೆ 'ಡಾರ್ಡೊನ್‌ಶೈರ್' ಎಂಬ ಅಡ್ಡಹೆಸರೇ ಬಿತ್ತು. ಅಲ್ಲಿಯ ಎಮೆ ಎಂಬ ಊರಿನಲ್ಲಿ ಅವರದ್ದೇ ಕ್ರಿಕೆಟ್ ಕ್ಲಬ್ಬಿದೆ, ಬ್ರಿಟಿಷ್ ಸಾಮಾನಿನ ಅಂಗಡಿಯಿದೆ. ಊರು ಬಿಟ್ಟು ಹೋಗುವಾಗ ಊರನ್ನೇ ಗಂಟು ಕಟ್ಟಿಕೊಂಡು ಹೋಗುವ ಈ ಕಲೆಯಲ್ಲಿ ನಾವೇನೂ ಕಮ್ಮಿಯಿಲ್ಲ, ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಒಂದು ಸುತ್ತು ಹಾಕಿದರೆ ಸಾಕು.

ಇನ್ನು ಜನರ ಒಡನಾಟ. ಈ ಸಾಲಿಗೆ ನಮ್ಮ ಹುಡುಗ ಹತ್ತಕ್ಕೆ ಹತ್ತು ಕೊಟ್ಟು, ಪಕ್ಕದಲ್ಲಿ ಒಂದು ಹೃದಯದ ಗುರುತೂ ಹಾಕಿದ್ದ. "ಸಂಜೆ ಚೌಕದಲ್ಲಿ ಮುದುಕರೆಲ್ಲ ಕೂತಿರ್ತಾರೆ ಅಣ್ಣಾ. ನಾನು ಹೋದ ತಕ್ಷಣ ನಗ್ತಾರೆ, ಏನೇನೋ ಮಾತಾಡ್ತಾರೆ. ಎಷ್ಟು ಒಳ್ಳೇ ಜನ!"

"ಏನು ಮಾತಾಡ್ತಾರೆ?"

"ಯಾರಿಗೊತ್ತು! ನಂಗೆ ಇಟಾಲಿಯನ್ ಬರಲ್ವಲ್ಲ."

ಇಲ್ಲಿ ನನಗೆ ಆ ಎಕ್ಸೆಲ್ ಶೀಟಿನಲ್ಲಿ ಇರದ ಕಾರಣ ಹೊಳೆಯಿತು. ಪರದೇಶದ ಹಳ್ಳಿಯ ಮುಖ್ಯ ಸೌಕರ್ಯ ಗಾಳಿಯೂ ಅಲ್ಲ, ನೀರೂ ಅಲ್ಲ. ಅಲ್ಲಿಯವರು ನಮ್ಮ ಬಗ್ಗೆ ಆಡುವ ಮಾತು ನಮಗೆ ತಿಳಿಯುವುದಿಲ್ಲ.

ನಮ್ಮೂರಿಗೆ ಅವನು ಬಂದನೆನ್ನಿ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ನಾಲ್ಕು ಜನ ನಗುತ್ತಾರೆ. ಯಾಕೆ ನಕ್ಕರು ಎಂದು ಅವನಿಗೆ ಗೊತ್ತು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲಾಗಿ ಸಪ್ಲಿಮೆಂಟರಿ ಕಟ್ಟಿದವನು ಈಗ ಸಾಫ್ಟ್‌ವೇರ್ ಬರೆಯುತ್ತಾನಲ್ಲ ಎಂದು ಒಬ್ಬ ನಗುತ್ತಾನೆ. ಮತ್ತೊಬ್ಬನಿಗೆ ದೊಡ್ಡಪ್ಪ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿ ಸಿಕ್ಕಿಬಿದ್ದದ್ದು ನೆನಪಾಗುತ್ತದೆ. ಮೂರನೆಯವನು ತೋಟದ ಗಡಿಯಲ್ಲಿ ಎರಡು ಮೊಳ ಒತ್ತಿದವನು, ಅವನಿಗೆ ನಗುವುದು ಅನಿವಾರ್ಯ. ನಾಲ್ಕನೆಯವನು ನೇರವಾಗಿ, "ಎಂಥದಾ, ಅಮ್ಮನ್ನ ನೋಡಕ್ಕೆ ಬಂದ್ಯಾ, ಪಹಣಿ ನೋಡಕ್ಕೆ ಬಂದ್ಯಾ?" ಎನ್ನುತ್ತಾನೆ. ಕನ್ನಡ ಇಷ್ಟು ಚೆನ್ನಾಗಿ ಅರ್ಥವಾಗುವ ಕಡೆ ನಿಸರ್ಗಸೌಂದರ್ಯ ಸವಿಯುವುದು ಕಷ್ಟ. ಸಾಲದ್ದಕ್ಕೆ ಸತ್ತವರ ಮನೆಗೆ ಹೋಗಬೇಕು, ಮದುವೆಮನೆಯಲ್ಲಿ ಬಡಿಸಲು ನಿಲ್ಲಬೇಕು, ದೇವಸ್ಥಾನದ ಜೀರ್ಣೋದ್ಧಾರಕ್ಕೆ "ಅಮೆರಿಕದವ್ನು, ಒಂದ್ ಲಕ್ಷ ಬರ್ಕೊಳ್ಳಿ" ಎಂದಾಗ ಮುಖ ಗಂಟಿಕ್ಕಬಾರದು. ಸಿಸಿಲಿಯಲ್ಲಿ ಅವನಿಗೆ ಅಪ್ಪನಿಲ್ಲ, ಅಜ್ಜನಿಲ್ಲ, ಗಡಿಯಿಲ್ಲ, ಗೋತ್ರವಿಲ್ಲ. ಒಂದು ಯೂರೋಗೆ ಅವನು ಕೊಂಡದ್ದು ಮನೆಯನ್ನಲ್ಲ, ಯಾರ ಮಗನೂ ಅಲ್ಲದವನಾಗಿ ಇರುವ ಅನುಕೂಲವನ್ನು.

ಹಳ್ಳಿ ಎಂದರೆ ಇದೇ ಎಂದು ಮೊದಲೇ ಚೀಟಿ ಹಂಚಿದ ಊರೊಂದಿದೆ. ಜಪಾನಿನ ಫುಕುಯಿ ಪ್ರಾಂತದ ಇಕೆದಾ. ಜಪಾನಿನಲ್ಲಿ 2023ರ ಸಮೀಕ್ಷೆಯ ಪ್ರಕಾರ 90 ಲಕ್ಷ ಮನೆಗಳು ಖಾಲಿ ಬಿದ್ದಿವೆ. ಅಲ್ಲಿಯೂ ಹಳ್ಳಿಗಳು ಬನ್ನಿ ಬನ್ನಿ ಎಂದು ಕರೆಯುತ್ತವೆ. ಇಕೆದಾ ಮಾತ್ರ 2023ರ ಜನವರಿಯಲ್ಲಿ ತನ್ನ ಊರ ಪತ್ರಿಕೆಯಲ್ಲಿ, ಹೊಸದಾಗಿ ಬರುವವರಿಗೆ ಏಳು ಸೂತ್ರ ಬರೆದು ಹಾಕಿತು. ಪೇಟೆಯ ರೀತಿಯನ್ನು ಇಲ್ಲಿ ಹೇರಬೇಡಿ, ನೀವು ಎಂಥವರು ಎಂದು ಊರೆಲ್ಲ ತೂಗಿ ನೋಡುತ್ತದೆ, ಅದು ಸಹಜ, ಎಂಬ ಧಾಟಿಯಲ್ಲಿ. ದೇಶದಲ್ಲೆಲ್ಲ ಗುಲ್ಲಾಯಿತು. ಇಷ್ಟು ಒರಟಾಗಿ ಬರೆಯುವುದೇ ಎಂದು ಪೇಟೆಯವರು ಬೈದರು. ನಮ್ಮ ಬಸ್ ಸ್ಟ್ಯಾಂಡ್ ಕಟ್ಟೆಯವರು ಸಾವಿರ ವರ್ಷದಿಂದ ಬಾಯಿಮಾತಲ್ಲಿ ಮಾಡಿಕೊಂಡು ಬಂದದ್ದನ್ನು ಅವರು ಅಚ್ಚು ಹಾಕಿಸಿದರು, ಅಷ್ಟೇ.

ದೊಡ್ಡಪ್ಪನ ತಿಥಿಗೆ ಊರಿಗೆ ಹೋಗಿದ್ದೆ. ಆಷಾಢದ ಮಳೆ. ಆ ವರ್ಷ ಹಂಚು ಕೈಯಾಡಿಸಲು ಆಳು ಸಿಕ್ಕಿರಲಿಲ್ಲ, ಮಂಗಗಳು ಕುಣಿದು ಒಡೆದ ಕಡೆಯಲ್ಲೆಲ್ಲ ನೀರು ಸುರಿಯುತ್ತಿತ್ತು. ನಡುಮನೆಯಲ್ಲಿ ಎರಡು ಕೊಡಪಾನ, ಒಂದು ಹಳೇ ಡಾಲ್ಡಾ ಡಬ್ಬ, ದೇವರ ಕೋಣೆಯ ಬಾಗಿಲಲ್ಲಿ ಅನ್ನ ಬಸಿಯುವ ಪಾತ್ರೆ. ಒಂದೊಂದಕ್ಕೂ ಒಂದೊಂದು ಸದ್ದು. ಡಾಲ್ಡಾ ಡಬ್ಬದ್ದು ಚುರುಕು, ಕೊಡಪಾನ ತುಂಬಿದ ಹಾಗೆ ಅದರ ದನಿ ಏರುತ್ತದೆ. ದೊಡ್ಡಮ್ಮ ಆ ದನಿಯ ಮೇಲೆಯೇ ತುಂಬಿತೆಂದು ತಿಳಿದು, ಟೀವಿಯಿಂದ ಕಣ್ಣು ತೆಗೆಯದೆ ಎದ್ದು ಹೋಗಿ ಚೆಲ್ಲಿ ಬರುತ್ತಿದ್ದಳು.

ಸಿಸಿಲಿಯ ಮನೆಯ ಫೋಟೋ ತೋರಿಸಿದೆ. ಮೊಬೈಲನ್ನು ದೂರ ಹಿಡಿದು ನೋಡಿದಳು.

"ಇದೂ ಸೋರ್ತದಾ?"

"ಮಾಡೇ ಇಲ್ಲ ದೊಡ್ಡಮ್ಮ."

"ಹಂಗಾರೆ ಸೋರೋ ರಗಳೆ ಇಲ್ಲ ಬಿಡು." ಇನ್ನೊಂದು ಫೋಟೋಗೆ ಬೆರಳು ಸರಿಸಿದಳು. "ಇಷ್ಟ್ ದೊಡ್ಡ ಮನೆ. ಇವ್ರ ಮಕ್ಕಳೆಲ್ಲ ಎಲ್ಲಿಗೆ ಹೋದ್ರಂತೆ?"

ಅದು ಸುಲಭದ ಪ್ರಶ್ನೆ. ಸಿಸಿಲಿಯವರು ನೂರು ವರ್ಷದ ಹಿಂದೆಯೇ ಹಡಗು ಹತ್ತಿ ಲಕ್ಷಗಟ್ಟಲೆ ಅಮೆರಿಕಕ್ಕೆ ಹೋದರು. ಆಮೇಲಿನವರು ಮಿಲಾನಿಗೆ, ಜರ್ಮನಿಗೆ. ಹಡಗು ಹತ್ತಿದವರಲ್ಲಿ ಬಹಳ ಜನ ಹೋಗಿ ನೆಲೆನಿಂತ ಜಾಗಗಳಲ್ಲೊಂದು ನ್ಯೂಜೆರ್ಸಿ.

"ನಮ್ಮ ಮಾಣಿ ಇರೋ ಊರಿಗೇ ದೊಡ್ಡಮ್ಮ" ಎಂದೆ.

ಅವಳು ಏನೂ ಹೇಳಲಿಲ್ಲ. ದೇವರ ಕೋಣೆಯ ಪಾತ್ರೆ ತುಂಬಿತ್ತು, ಎದ್ದು ಹೋದಳು.

ಈಚೆಗೆ ಇಂಥ ಊರುಗಳು ದುಡ್ಡು ಕೊಟ್ಟು ಕರೆಯುವುದೂ ಉಂಟು. ಸ್ವಿಟ್ಜರ್‌ಲೆಂಡಿನ ಅಲ್ಬಿನೆನ್ ಎಂಬ ಇನ್ನೂರೈವತ್ತು ಜನರೂ ಇಲ್ಲದ ಊರು 2017ರಲ್ಲಿ, ಬಂದು ನೆಲೆಸುವ ದೊಡ್ಡವರಿಗೆ ತಲೆಗೆ 25,000 ಫ್ರಾಂಕು, ಮಕ್ಕಳಿಗೆ ತಲೆಗೆ 10,000 ಫ್ರಾಂಕು ಎಂದು ನಿರ್ಣಯ ಮಾಡಿತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಓಡಾಡಿದ ಸುದ್ದಿಯಲ್ಲಿ ದುಡ್ಡಿನ ಮೊತ್ತ ಮಾತ್ರ ಇತ್ತು. 45 ವರ್ಷದೊಳಗಿರಬೇಕು, ಕನಿಷ್ಠ ಎರಡು ಲಕ್ಷ ಫ್ರಾಂಕಿನ ಮನೆ ಹೂಡಬೇಕು, ಹತ್ತು ವರ್ಷದೊಳಗೆ ಬಿಟ್ಟು ಹೋದರೆ ದುಡ್ಡು ವಾಪಸು ಕೊಡಬೇಕು ಎಂಬುದು ಫಾರ್ವರ್ಡ್ ಆಗುವಾಗ ಉದುರಿಹೋಗಿತ್ತು. 2024ರಲ್ಲಿ ಅಮೆರಿಕದ ಚುನಾವಣೆ ಮುಗಿದ ಬೆನ್ನಲ್ಲೇ ಸಾರ್ಡೀನಿಯಾದ ಒಲ್ಲೊಲಾಯ್ ಎಂಬ ಊರು, ರಾಜಕೀಯದಿಂದ ರೋಸಿದವರು ನಮ್ಮಲ್ಲಿಗೆ ಬನ್ನಿ ಎಂದು ಅಮೆರಿಕನ್ನರನ್ನು ಕರೆಯಿತು. ಹಳ್ಳಿಯಲ್ಲಿ ರಾಜಕೀಯ ಇರುವುದಿಲ್ಲ ಎಂದು ನಂಬುವವನು ಗ್ರಾಮ ಪಂಚಾಯ್ತಿ ಚುನಾವಣೆ ನೋಡಿಲ್ಲ. ಇಟಲಿಯದ್ದನ್ನಾದರೂ ನೋಡಿದ್ದಾನೆಯೇ?

ನಮ್ಮ ಹುಡುಗನ ತಪ್ಪು ಬೇರೆ. ಗಾರೆಯವನಿಗೆ ಬೈಯಲು ಬೇಕಾಗುತ್ತದೆ ಎಂದು ಮೊಬೈಲಿನಲ್ಲಿ ಒಂದು ಆಪ್ ಹಾಕಿಕೊಂಡು ದಿನಾ ಇಪ್ಪತ್ತು ನಿಮಿಷ ಇಟಾಲಿಯನ್ ಕಲಿಯತೊಡಗಿದ. ಎಂಟು ತಿಂಗಳು ಬಿಡದೆ ಕಲಿತ. ಮೊನ್ನೆ ಅಲ್ಲಿಂದಲೇ ಫೋನ್ ಮಾಡಿದಾಗ ದನಿ ಕುಗ್ಗಿತ್ತು.

"ಚೌಕದ ಮುದುಕರ ಮಾತು ಅರ್ಥ ಆಗೋಕೆ ಶುರುವಾಯ್ತು ಅಣ್ಣಾ."

"ಏನಂತಾರೆ?"

"ಆ ಮನೆಯ ತಳಪಾಯ ಜಾರುತ್ತೆ ಅಂತ ಊರಿಗೆಲ್ಲ ಗೊತ್ತಂತೆ. ಒಬ್ಬ ನನ್ನ 'ಅಂಜೂರದವನು' ಅಂತಾನೆ. ನಾನು ಎಷ್ಟು ದಿನಕ್ಕೆ ಓಡಿ ಹೋಗ್ತೀನಿ ಅಂತ ಕಾಫಿ ಪಂದ್ಯ ಕಟ್ಟಿದಾರೆ."

"ಪಕ್ಕದ ಮನೆ ಅಜ್ಜಿ ಒಳ್ಳೆಯವಳು, ಊಟ ತಂದುಕೊಡ್ತಾಳೆ ಅಂದಿದ್ದೆ?"

"ಈಗಲೂ ತರ್ತಾಳೆ. ತಂದಾಗೆಲ್ಲ ಒಂದೇ ಪ್ರಶ್ನೆ ಕೇಳ್ತಿದ್ಲು, ನಾನು ಊಟ ಹೇಗಿದೆ ಅಂತ ಕೇಳ್ತಿದ್ದಾಳೆ ಅಂದ್ಕೊಂಡು ಬೆನಿಸ್ಸಿಮೊ, ಬೆನಿಸ್ಸಿಮೊ ಅಂತಿದ್ದೆ. ಬಹಳ ಚೆನ್ನಾಗಿದೆ ಅಂತ." ಸ್ವಲ್ಪ ತಡೆದ. "ನಿನ್ನ ಮಮ್ಮಾ ಎಲ್ಲಿದಾಳೆ, ಯಾರು ನೋಡ್ಕೋತಾರೆ ಅಂತ ಕೇಳ್ತಿದ್ದಾಳೆ."

'ಮಮ್ಮಾ' ಅನ್ನುವ ಮಾತಿಗೆ ಆಪ್ ಬೇಕಾಗಿರಲಿಲ್ಲ. ನಾನು ಅದನ್ನು ಅನ್ನಲಿಲ್ಲ.

"ಕಿಟಕಿ ಹಾಕ್ಕೊಂಡೇ ಇರ್ತೀನಿ ಈಗ" ಎಂದ. ಆಮೇಲೆ ಗಂಟಲು ಸರಿಮಾಡಿಕೊಂಡು, ಹೊಸ ಮನೆಯ ಸುದ್ದಿ ಹೇಳುವಾಗಿನ ಆ ಹಳೇ ಹುರುಪಿನಲ್ಲಿ ಕೇಳಿದ:

"ಅಣ್ಣಾ, ಈ ಜಪಾನೀ ಭಾಷೆ ಇದ್ಯಲ್ಲ, ಅದನ್ನ ಎಷ್ಟು ವರ್ಷ ಕಲಿತರೂ ಬರೋದಿಲ್ಲ ಅಂತಾರೆ. ಹೌದಾ?"